ವಿದೇಶ ಪ್ರಯಾಣದಲ್ಲಿ ಸಾರ್ವಜನಿಕ ವೈಫೈ ನಂಬಿ ಕರೆ ಮಾಡಬಹುದೇ? (ಬೆಂಗಳೂರು, ದುಬೈ, ಮ್ಯೂನಿಕ್)

ತುಂಗಾತೀರ:

ಎಲ್ಲರಿಗೂ ನಮಸ್ಕಾರ.

ನನ್ನ ತಂದೆ ತಾಯಿ ಮುಂದಿನ ತಿಂಗಳು ಮೊದಲ ಸಲ ವಿದೇಶಕ್ಕೆ ಹೊರಟಿದ್ದಾರೆ. ಬೆಂಗಳೂರಿನಿಂದ ದುಬೈಗೆ ಹೋಗಿ, ಅಲ್ಲಿ ಐದಾರು ಗಂಟೆ ಕಾದು, ಮ್ಯೂನಿಕ್ ವಿಮಾನ ಹತ್ತಬೇಕು. ಮ್ಯೂನಿಕ್‌ನಲ್ಲಿ ತಂಗಿ ಮತ್ತು ಅವಳ ಗಂಡ ಇದ್ದಾರೆ. ಅಲ್ಲಿದ್ದಾಗ ರೈಲಿನಲ್ಲಿ ಒಂದೆರಡು ಊರು ನೋಡಿಬರುವ ಯೋಚನೆಯೂ ಇದೆ. ಇಬ್ಬರ ಬಳಿಯೂ ಆಂಡ್ರಾಯ್ಡ್ ಫೋನ್ ಇದೆ, ವಾಟ್ಸ್‌ಆ್ಯಪ್ ಕರೆ ಮಾಡುವುದು ಚೆನ್ನಾಗಿ ರೂಢಿಯಾಗಿದೆ. ಎಲ್ಲ ಕಡೆಯೂ ವೈಫೈ ಸಿಗುವಾಗ ರೋಮಿಂಗ್‌ಗೆ ಸುಮ್ಮನೆ ದುಡ್ಡು ಕಟ್ಟುವುದೇಕೆ ಎಂಬುದು ತಂದೆಯವರ ವಾದ.

ನನ್ನ ಪ್ರಶ್ನೆಗಳು ಹೀಗಿವೆ. ವಿಮಾನ ನಿಲ್ದಾಣದ ವೈಫೈಯಲ್ಲಿ ಕರೆ ಸರಿಯಾಗಿ ಕೆಲಸ ಮಾಡುತ್ತದೆಯೇ? ಅಲ್ಲಿ ಮಾತನಾಡಿದ್ದನ್ನು ಬೇರೆಯವರು ಕದ್ದು ಕೇಳುವ ಸಾಧ್ಯತೆ ಇದೆಯೇ? ಭಾರತದ ಸಿಮ್ ತೆಗೆದಿಟ್ಟರೆ ತೊಂದರೆಯಾಗುತ್ತದೆಯೇ? ಇದರ ಜೊತೆಗೆ, ತೀರ್ಥಹಳ್ಳಿಯ ಮನೆಯಲ್ಲಿರುವ ಅಜ್ಜಿಗೆ ಇರುವುದು ಲ್ಯಾಂಡ್‌ಲೈನ್ ಮಾತ್ರ. ತಾಯಿ ಅವರೊಡನೆ ದಿನವೂ ಮಾತನಾಡುವವರು. ಅದಕ್ಕೇನು ದಾರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ದುಬೈವಾಸಿ:

ದುಬೈ ಮಟ್ಟಿಗೆ ಉತ್ತರಿಸುತ್ತೇನೆ. ನಿಮ್ಮ ತಂದೆಯವರು ನಿಲ್ದಾಣದಲ್ಲಿ ಇಳಿದು ವೈಫೈ ಹಾಕಿಕೊಂಡರೆ ವಾಟ್ಸ್‌ಆ್ಯಪ್ ಸಂದೇಶ, ಫೋಟೊ, ಧ್ವನಿಸಂದೇಶ ಎಲ್ಲವೂ ಸಲೀಸಾಗಿ ಹೋಗುತ್ತವೆ. ಕರೆ ಮಾತ್ರ ಹೋಗುವುದಿಲ್ಲ. ಇದು ವೈಫೈಯ ದೋಷವಲ್ಲ, ಫೋನಿನ ದೋಷವೂ ಅಲ್ಲ. ಯುಎಇಯಲ್ಲಿ ಇಂಟರ್ನೆಟ್ ಮೂಲಕ ಧ್ವನಿ ಕರೆ ಒದಗಿಸಲು ಅಲ್ಲಿನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆ ಬೇಕು, ಆ ಒಪ್ಪಿಗೆ ವಾಟ್ಸ್‌ಆ್ಯಪ್ ಕರೆಗೆ ಸಿಕ್ಕಿಲ್ಲ. ಇಲ್ಲಿನ ಜನ ಊರಿಗೆ ಮಾತನಾಡಲು ಬಳಸುವುದು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳನ್ನು. ಕೊರೊನಾ ಸಮಯದಿಂದ ಕಚೇರಿ ಕೆಲಸಕ್ಕೆಂದು ಝೂಮ್, ಟೀಮ್ಸ್ ಮುಂತಾದವುಗಳಿಗೂ ಅವಕಾಶ ಕೊಟ್ಟಿದ್ದಾರೆ.

ಇದನ್ನು ಹೊರಡುವ ಮೊದಲೇ ಹಿರಿಯರಿಗೆ ಬಿಡಿಸಿ ಹೇಳಿ. ಸಂದೇಶ ಹೋಗುತ್ತಿದ್ದರೂ ಕರೆ ಮಾತ್ರ ಕೂಡದಿದ್ದಾಗ ಅವರು ಫೋನ್ ಕೆಟ್ಟಿತೆಂದು ಗಾಬರಿಪಡುತ್ತಾರೆ, ಕರೆ ಬರಲಿಲ್ಲವೆಂದು ಇತ್ತ ಮನೆಯವರೂ ಗಾಬರಿಪಡುತ್ತಾರೆ. ಐದಾರು ಗಂಟೆಗಾಗಿ ಹೊಸ ಆ್ಯಪ್ ಕಲಿಸುವುದಕ್ಕಿಂತ, "ದುಬೈ ತಲುಪಿದ್ದೇವೆ, ಇಂಥ ಗೇಟ್ ಹತ್ತಿರ ಕೂತಿದ್ದೇವೆ" ಎಂದು ಧ್ವನಿಸಂದೇಶ ಕಳಿಸುವಂತೆ ಹೇಳಿಕೊಡುವುದು ಮೇಲು. ಕರೆಯೇ ಬೇಕೆಂದಿದ್ದರೆ ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಬೋಟಿಮ್ ಹಾಕಿ, ಊರಲ್ಲೇ ಒಮ್ಮೆ ಮಾತನಾಡಿ ನೋಡಿ.

ವಿಪಿಎನ್ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಹಾಯಿಸಿ ಗುರುತು ಮರೆಮಾಚುವ ವ್ಯವಸ್ಥೆ) ಹಾಕಿಕೊಂಡರೆ ಆಯಿತು ಎಂದು ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ, ವಿಪಿಎನ್ ಬಳಸಿ ಗುರುತು ಮರೆಮಾಚಿ ನಿಷಿದ್ಧ ಕೆಲಸ ಮಾಡಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ಹಾಕಲು ಅವಕಾಶವಿದೆ. ಕಚೇರಿ ಕೆಲಸಕ್ಕೆ ವಿಪಿಎನ್ ಬಳಸುವುದು ಬೇರೆ ಮಾತು. ನಿರ್ಬಂಧಿಸಿದ ಕರೆಗಾಗಿ ಪ್ರಯಾಣಿಕರು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ.

ಜಾಲಬಂಧು:

ನೆಟ್‌ವರ್ಕ್ ಕೆಲಸದಲ್ಲಿರುವವನಾಗಿ ಒಂದು ವಿಷಯ ಮೊದಲು ಹೇಳಬೇಕು. ವೈಫೈಯಲ್ಲಿ ಕರೆ ಹಾಳಾದರೆ ಎಲ್ಲರೂ "ಸ್ಪೀಡ್ ಇಲ್ಲ" ಎನ್ನುತ್ತಾರೆ. ಆದರೆ ಧ್ವನಿಗೆ ಬೇಕಾದ ವೇಗ ತೀರ ಕಡಿಮೆ. ಇಂದಿನ ಬಹುತೇಕ ಆ್ಯಪ್‌ಗಳು ಬಳಸುವ ಓಪಸ್ ಎಂಬ ಧ್ವನಿ ಸಂಕೇತ ವಿಧಾನ 2012ರಲ್ಲಿ ಪ್ರಮಾಣಿತವಾದದ್ದು. ಅದರಲ್ಲಿ ಸೆಕೆಂಡಿಗೆ ಮೂವತ್ತು ಕಿಲೋಬಿಟ್‌ನ ಆಸುಪಾಸಿನಲ್ಲೇ ಮಾತು ಸ್ಪಷ್ಟವಾಗಿ ಕೇಳುತ್ತದೆ. ಮಾತನ್ನು ಕೆಡಿಸುವುದು ವಿಳಂಬ, ಅದರಲ್ಲೂ ಏರಿಳಿಯುವ ವಿಳಂಬ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡ್ ಮೀರದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಮ್ಯೂನಿಕ್‌ನಿಂದ ಬೆಂಗಳೂರಿಗೆ ನೇರ ದೂರ ಸುಮಾರು 7,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುವುದರಿಂದ, ದೂರಕ್ಕೇ ಕನಿಷ್ಠ 35 ಮಿಲಿಸೆಕೆಂಡ್ ಖರ್ಚಾಗುತ್ತದೆ, ಕೇಬಲ್ ಸುತ್ತಿ ಬರುವುದರಿಂದ ಇನ್ನಷ್ಟು. ಉಳಿದದ್ದನ್ನು ನೂರಾರು ಜನ ಒಂದೇ ವೈಫೈಗೆ ಮುಗಿಬಿದ್ದಿರುವ ನಿಲ್ದಾಣದ ಗದ್ದಲ ತಿಂದುಹಾಕುತ್ತದೆ. ಆದ್ದರಿಂದ ಕರೆ ಮಾಡುವಾಗ ನಡೆದಾಡದೆ ಒಂದೇ ಕಡೆ ಕುಳಿತಿರುವುದು, ವೀಡಿಯೊ ಬಿಟ್ಟು ಧ್ವನಿ ಕರೆ ಮಾತ್ರ ಮಾಡುವುದು, ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆಯನ್ನು ಆನ್ ಮಾಡಿಡುವುದು, ಈ ಮೂರೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಇನ್ನೊಂದು ತೊಡಕು ಲಾಗಿನ್ ಪುಟದ್ದು. ಸಾರ್ವಜನಿಕ ವೈಫೈಗೆ ಸೇರಿದ ಕೂಡಲೇ ಮೇಲ್ಗಡೆ ವೈಫೈ ಗುರುತು ಕಾಣಿಸಿದರೂ, ಷರತ್ತು ಒಪ್ಪಿಕೊಳ್ಳುವ ಪುಟ ದಾಟುವವರೆಗೆ ಇಂಟರ್ನೆಟ್ ಬಂದಿರುವುದಿಲ್ಲ. ಆ ಪುಟ ತಾನಾಗಿ ತೆರೆಯದಿದ್ದರೆ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ (ಜಾಲತಾಣಗಳ ವಿಳಾಸ ಹುಡುಕುವ ಕೆಲಸವನ್ನು ಗುಪ್ತವಾಗಿಡುವ ಸೆಟ್ಟಿಂಗ್) ಅಥವಾ ವಿಪಿಎನ್ ಆನ್ ಆಗಿದೆಯೇ ನೋಡಿ. ಅವುಗಳನ್ನು ಆಫ್ ಮಾಡಿದರೆ ಸಾಮಾನ್ಯವಾಗಿ ಪುಟ ಬರುತ್ತದೆ. ಕೆಲವು ಕಡೆ ಉಚಿತ ಅವಧಿ ಮುಗಿದ ಮೇಲೂ ವೈಫೈ ಗುರುತು ಹಾಗೇ ಉಳಿದಿರುತ್ತದೆ, ಕರೆ ಮಾತ್ರ "ಕನೆಕ್ಟಿಂಗ್" ಎಂದು ಸುತ್ತುತ್ತಲೇ ಇರುತ್ತದೆ. ಆಗ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕೆಂಬುದನ್ನು ಹಿರಿಯರಿಗೆ ಕೈಯಲ್ಲಿ ಫೋನ್ ಕೊಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು. ಕೆಲವು ನಿಲ್ದಾಣಗಳಲ್ಲಿ ವೈಫೈ ಸಿಗಬೇಕಾದರೆ ಮೊಬೈಲಿಗೆ ಬರುವ ಓಟಿಪಿ ಹಾಕಬೇಕು. ಭಾರತದ ಸಿಮ್ ತೆಗೆದಿಟ್ಟವರು ಅಲ್ಲೇ ನಿಂತುಬಿಡುತ್ತಾರೆ.

ಕದ್ದು ಕೇಳುವ ವಿಚಾರಕ್ಕೆ ಬರುತ್ತೇನೆ. ವಾಟ್ಸ್‌ಆ್ಯಪ್ ಕರೆಗಳು 2016ರ ಏಪ್ರಿಲ್‌ನಿಂದ ಎರಡೂ ತುದಿಗಳ ನಡುವೆ ಗೂಢಲಿಪೀಕರಣಗೊಂಡೇ ಹೋಗುತ್ತವೆ. ವೈಫೈ ನಡೆಸುವವರಿಗೆ ನೀವು ವಾಟ್ಸ್‌ಆ್ಯಪ್ ಬಳಸುತ್ತಿದ್ದೀರಿ, ಇಷ್ಟು ಹೊತ್ತು ಬಳಸಿದಿರಿ ಎಂಬುದು ಗೊತ್ತಾಗಬಹುದು, ಆಡಿದ ಮಾತು ಗೊತ್ತಾಗುವುದಿಲ್ಲ. ನಿಜವಾದ ಅಪಾಯ ಇರುವುದು ನಿಲ್ದಾಣದ ಹೆಸರನ್ನೇ ಇಟ್ಟುಕೊಂಡು ವಂಚಕರು ಹುಟ್ಟುಹಾಕುವ ನಕಲಿ ವೈಫೈಯಲ್ಲಿ. ಅದರ ಲಾಗಿನ್ ಪುಟ ಜಿಮೇಲ್ ಪಾಸ್‌ವರ್ಡನ್ನೋ, ಕಾರ್ಡ್ ಸಂಖ್ಯೆಯನ್ನೋ, ವಾಟ್ಸ್‌ಆ್ಯಪ್‌ನ ಆರಂಕಿಯ ನೋಂದಣಿ ಸಂಖ್ಯೆಯನ್ನೋ ಕೇಳಬಹುದು. ಈ ಮೂರರಲ್ಲಿ ಯಾವುದನ್ನು ಕೇಳಿದರೂ ಪುಟ ಮುಚ್ಚಿ ಹೊರಬರಬೇಕು. ಹೊರಡುವ ಮುನ್ನ ಇಬ್ಬರ ವಾಟ್ಸ್‌ಆ್ಯಪ್‌ಗೂ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಡಿ. ಸ್ಪೀಕರ್ ಹಾಕಿಕೊಂಡು ಬ್ಯಾಂಕಿನ ವಿಷಯ ಮಾತನಾಡದಂತೆಯೂ ಹೇಳಿ. ಮ್ಯೂನಿಕ್ ವಿಮಾನ ನಿಲ್ದಾಣದಲ್ಲೂ ಕನ್ನಡ ಬಲ್ಲವರು ಪಕ್ಕದಲ್ಲೇ ಕುಳಿತಿರಬಹುದು.

ಈಸಾರ್ ದಂಡೆ:

ನಾನು ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ವಾಟ್ಸ್‌ಆ್ಯಪ್ ಕರೆಗೆ ಯಾವ ನಿರ್ಬಂಧವೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಇದೆ. ಹಿಂದೆ ಜರ್ಮನಿಯಲ್ಲಿ ಸಾರ್ವಜನಿಕ ವೈಫೈ ವಿರಳವಾಗಿತ್ತು, ಏಕೆಂದರೆ ಯಾರೋ ಅದನ್ನು ದುರುಪಯೋಗ ಮಾಡಿದರೆ ವೈಫೈ ಕೊಟ್ಟ ಅಂಗಡಿಯವರನ್ನೇ ಹೊಣೆ ಮಾಡಬಹುದಾಗಿತ್ತು. 2017ರಲ್ಲಿ ಕಾನೂನು ತಿದ್ದಿದ ಮೇಲೆ ಆ ಭಯ ಕಡಿಮೆಯಾಯಿತು. ಯುರೋಪ್‌ನ ಅನೇಕ ಊರುಗಳ ಚೌಕ, ಗ್ರಂಥಾಲಯಗಳಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನ "ವೈಫೈ4ಇಯು" ಎಂಬ ಉಚಿತ ಜಾಲವೂ ಸಿಗುತ್ತದೆ. ವೇಗದ ಐಸಿಇ ರೈಲುಗಳಲ್ಲಿ ವೈಫೈ ಇದ್ದರೂ ಅದು ಮೊಬೈಲ್ ಟವರ್‌ಗಳನ್ನೇ ನೆಚ್ಚಿಕೊಂಡಿರುವುದರಿಂದ ಸುರಂಗ, ಹಳ್ಳಿಗಾಡುಗಳಲ್ಲಿ ಕರೆ ತುಂಡಾಗುತ್ತದೆ. ರೈಲಿನಲ್ಲಿ ಸಂದೇಶ ಕಳಿಸಿ, ಇಳಿದ ಮೇಲೆ ಮಾತನಾಡುವುದು ನಮ್ಮೆಲ್ಲರ ರೂಢಿ.

ಭಾರತದ ಸಿಮ್ ಮಾತ್ರ ಖಂಡಿತ ತೆಗೆಯಬೇಡಿ. ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಊರಲ್ಲೇ ಆನ್ ಮಾಡಿಸಿ, ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿಡಿ. ಪ್ಯಾಕ್ ಇಲ್ಲದಿದ್ದರೆ ಬಂದ ಕರೆ ಎತ್ತಿದರೂ ಹಣ ಕಟ್ಟಾಗುತ್ತದೆ ಎಂದು ತಂದೆಯವರಿಗೆ ತಿಳಿಸಿ. ಫೋನ್ ಇ-ಸಿಮ್ (ಕಾರ್ಡ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಸ್ವೀಕರಿಸುವಂಥದ್ದಾದರೆ ಯುರೋಪ್‌ನ ಇ-ಸಿಮ್ ಒಂದನ್ನು ಜೊತೆಗೆ ಹಾಕಿಸಿ. ಇಲ್ಲದಿದ್ದರೆ ಎರಡನೇ ಸಿಮ್ ಜಾಗಕ್ಕೆ ಇಲ್ಲಿಯ ಪ್ರೀಪೇಯ್ಡ್ ಸಿಮ್ ಹಾಕಿಕೊಳ್ಳಬಹುದು. ವಾಟ್ಸ್‌ಆ್ಯಪ್ ಹಳೆಯ ಭಾರತದ ನಂಬರಿನಲ್ಲೇ ಮುಂದುವರಿಯುತ್ತದೆ, ನಂಬರ್ ಬದಲಿಸಬೇಕೇ ಎಂದು ಅದು ಕೇಳಿದರೆ ಬೇಡವೆನ್ನಬೇಕು. ಇಲ್ಲಿಯ ಸಿಮ್‌ನಿಂದ ಇನ್ನೊಂದು ಅನುಕೂಲವೂ ಇದೆ. ಭಾರತದ ಸಿಮ್‌ನ ರೋಮಿಂಗ್ ಡೇಟಾ ಸಾಮಾನ್ಯವಾಗಿ ಭಾರತದ ಕಂಪನಿಯ ಜಾಲವನ್ನು ಹಾದೇ ಇಂಟರ್ನೆಟ್ ಸೇರುತ್ತದೆ. ಹೀಗಾಗಿ ಇದೇ ಊರಿನಲ್ಲಿರುವ ಮಗಳಿಗೆ ಮಾಡಿದ ಕರೆಯೂ ಭಾರತ ಸುತ್ತಿ ಬರುತ್ತದೆ. ಇಲ್ಲಿಯ ಸಿಮ್ ಅಥವಾ ವೈಫೈಯಲ್ಲಿ ಆ ಸುತ್ತು ಇರುವುದಿಲ್ಲ.

ತುಂಗಾತೀರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂದೆಯವರ ಫೋನಿನಲ್ಲಿ "ವೈಫೈ ಕಾಲಿಂಗ್" ಎಂಬ ಆಯ್ಕೆ ಈಗಾಗಲೇ ಆನ್ ಆಗಿದೆ. ಅದರಿಂದ ಭಾರತಕ್ಕೆ ಮಾಮೂಲಿ ಕರೆಯಂತೆಯೇ ಮಾಡಬಹುದಲ್ಲವೇ? ಹಾಗಾದರೆ ಅಜ್ಜಿಯ ಲ್ಯಾಂಡ್‌ಲೈನ್ ಸಮಸ್ಯೆಯೂ ಬಗೆಹರಿದಂತಲ್ಲವೇ?

ಜಾಲಬಂಧು:

ವೈಫೈ ಕಾಲಿಂಗ್ ಮತ್ತು ವಾಟ್ಸ್‌ಆ್ಯಪ್ ಕರೆ ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ವೈಫೈ ಕಾಲಿಂಗ್ ಎಂದರೆ ನಿಮ್ಮ ಮೊಬೈಲ್ ಕಂಪನಿಯ ಕರೆಯೇ ಟವರ್ ಬದಲು ವೈಫೈ ಮೂಲಕ ಹೋಗುವುದು. ವಿದೇಶದಲ್ಲಿ ಅದು ಕೆಲಸ ಮಾಡುತ್ತದೆಯೇ, ಮಾಡಿದರೆ ಭಾರತದ ದರವೋ ರೋಮಿಂಗ್ ದರವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹೊರಡುವ ಮೊದಲು ಕಂಪನಿಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಉತ್ತರ ಸಿಗದಿದ್ದರೆ ಆ ಆಯ್ಕೆಯನ್ನು ಆಫ್ ಮಾಡಿಯೇ ಕಳಿಸಿ. ಅದು ಕಂಪನಿಯ ಜಾಲಕ್ಕೆ ಸುರಕ್ಷಿತ ಸುರಂಗ ತೋಡಲು 500 ಮತ್ತು 4500 ಎಂಬ ಪೋರ್ಟ್‌ಗಳನ್ನು (ಜಾಲದಲ್ಲಿ ಮಾಹಿತಿ ಹಾದುಹೋಗುವ, ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳನ್ನು) ಬಳಸುತ್ತದೆ. ಹೋಟೆಲ್, ನಿಲ್ದಾಣಗಳ ಅನೇಕ ಜಾಲಗಳಲ್ಲಿ ಇವು ಮುಚ್ಚಿರುವುದರಿಂದ, ವಾಟ್ಸ್‌ಆ್ಯಪ್ ನಡೆಯುವ ಜಾಗದಲ್ಲೂ ಇದು ನಡೆಯದೆ ಇರಬಹುದು.

ಅಜ್ಜಿಯ ಲ್ಯಾಂಡ್‌ಲೈನ್‌ಗೆ ಹಿಂದೆ ಎಲ್ಲರೂ ಸ್ಕೈಪ್‌ನಲ್ಲಿ ಹಣ ತುಂಬಿಸಿ ಮಾಡುತ್ತಿದ್ದರು. 2003ರಲ್ಲಿ ಶುರುವಾದ ಆ ಸೇವೆಯನ್ನು ಮೈಕ್ರೋಸಾಫ್ಟ್ 2025ರ ಮೇ 5ರಂದು ನಿಲ್ಲಿಸಿತು. ಈಗ ವೈಬರ್ ಔಟ್‌ನಂಥ ಸೇವೆಗಳಿವೆ. ಮೊದಲೇ ಹಣ ತುಂಬಿಸಿ ಲ್ಯಾಂಡ್‌ಲೈನ್‌ಗೂ ಕರೆ ಮಾಡಬಹುದು. ಅಂಥ ಕರೆಯ ಕೊನೆಯ ಭಾಗ ಮಾಮೂಲಿ ಟೆಲಿಫೋನ್ ಜಾಲದಲ್ಲೇ ಹೋಗುವುದರಿಂದ ವಾಟ್ಸ್‌ಆ್ಯಪ್ ಕರೆಯ ಗೋಪ್ಯತೆ ಅದಕ್ಕಿಲ್ಲ, ಅಷ್ಟು ನೆನಪಿರಲಿ. ಮ್ಯೂನಿಕ್‌ಗಿಂತ ಭಾರತದ ಸಮಯ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಜ್ಜಿ ಬೇಗ ಮಲಗುವವರಾದರೆ ಕರೆಯ ಹೊತ್ತನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಈಸಾರ್ ದಂಡೆ:

ಮೇಲೆ ಹೇಳಲು ಬಿಟ್ಟುಹೋದ ಒಂದು ಮುಖ್ಯ ವಿಷಯವನ್ನು ಸೇರಿಸುತ್ತೇನೆ. ವಾಟ್ಸ್‌ಆ್ಯಪ್‌ನಿಂದ ತುರ್ತು ಸೇವೆಗೆ ಕರೆ ಮಾಡಲು ಆಗುವುದಿಲ್ಲ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳಕ್ಕೆ 112 ಡಯಲ್ ಮಾಡಬೇಕು, ಅದು ಉಚಿತ. ಆದರೆ ಜರ್ಮನಿಯಲ್ಲಿ 2009ರಿಂದ ಸಿಮ್ ಇಲ್ಲದ ಫೋನಿನಿಂದ 112ಕ್ಕೂ ಕರೆ ಹೋಗುವುದಿಲ್ಲ. ವೈಫೈ ಒಂದನ್ನೇ ನಂಬಿ ಸಿಮ್ ತೆಗೆದಿಟ್ಟು ತಿರುಗಾಡಬಾರದು ಎಂದು ನಾನು ಒತ್ತಿ ಹೇಳುವುದು ಮುಖ್ಯವಾಗಿ ಇದಕ್ಕಾಗಿಯೇ. ತಂದೆ ತಾಯಿ ಇಬ್ಬರ ಫೋನಿನಲ್ಲೂ 112 ಅನ್ನು, ತಂಗಿಯ ಜರ್ಮನ್ ನಂಬರನ್ನು +49 ಸಮೇತ ಉಳಿಸಿಕೊಡಿ. ಫೋನ್ ಚಾರ್ಜ್ ಮುಗಿದಾಗ ಬೇಕಾಗುತ್ತದೆ, ಆದ್ದರಿಂದ ಅದನ್ನೇ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆಗೂ ಇಡಿ.