ರಂಜಾನ್‌ನಲ್ಲಿ ಮೊರಾಕೊಗೆ ಹೋದರೆ ಊಟದ ಗತಿ ಏನು?

ಪ್ರಶ್ನೆ: ಟಿಕೆಟ್ ಅಗ್ಗ ಅಂತ ಮರಾಕೆಶ್‌ಗೆ ಬುಕ್ ಮಾಡಿದೆ, ಆಮೇಲೆ ನೋಡಿದರೆ ಅದು ರಂಜಾನ್ ತಿಂಗಳು! ಅಮ್ಮನೂ ಬರುತ್ತಾರೆ, ಶುಗರ್ ಬೇರೆ ಇದೆ. ಕಷ್ಟ ಆಗುತ್ತಾ?

ಉತ್ತರ 1: ಏನಿಲ್ಲ. ಅಲ್ಲಿನ ಉಪವಾಸದ ಕಾನೂನು ಮುಸ್ಲಿಮರಿಗೆ ಮಾತ್ರ, ಹೋಟೆಲ್‌ಗಳಲ್ಲಿ, ಪ್ರವಾಸಿಗರ ಕೆಫೆಗಳಲ್ಲಿ ಹಗಲೂ ಊಟ ಸಿಗುತ್ತದೆ. ಬೀದಿಯಲ್ಲಿ ತಿನ್ನುತ್ತಾ ಓಡಾಡಬೇಡಿ, ಅಷ್ಟೇ. ನಾನು ಟ್ಯಾಕ್ಸಿಯಲ್ಲಿ ಸುಮ್ನೆ ನೀರಿನ ಬಾಟಲಿ ತೆಗೆದೆ, ಡ್ರೈವರ್ ಏನೂ ಅನ್ನಲಿಲ್ಲ, ನನಗೇ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಖರ್ಜೂರದ ಜೊತೆ ಹರೀರಾ ಸೂಪ್ ಕುಡಿಯಿರಿ. ಕಡಲೆ, ಬೇಳೆ, ಟೊಮೆಟೊ ಇರುತ್ತದೆ, ಆದರೆ ಮಾಂಸವೂ ಇರಬಹುದು, ಕೇಳಿಕೊಳ್ಳಿ.

ಉತ್ತರ 2: ಗಡಿಯಾರ ನೋಡಿಕೊಳ್ಳಿ! ರಂಜಾನ್‌ಗೆ ಅಲ್ಲಿ ಒಂದು ಗಂಟೆ ಹಿಂದೆ ಇಡುತ್ತಾರೆ. ನಾನು ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ಕೂತಿದ್ದೆ.

ಉತ್ತರ 3: ಒಮಾನ್‌ನಲ್ಲಿ ಹೀಗೇ ಅಂದ್ಕೋಬೇಡಿ. ಅಲ್ಲಿ ಹಗಲು ಎಲ್ಲರೆದುರು ತಿಂದರೆ ಕಾನೂನು ಪ್ರಕಾರವೇ ತಪ್ಪು.