ಅಮ್ಮನ ವಸಡು ಊದಿಕೊಂಡಿದೆ, ಆದರೆ ನೋವಿಲ್ಲ: ಇದು ಉಷ್ಣವೇ, ಬಿ.ಪಿ. ಮಾತ್ರೆಯ ಪರಿಣಾಮವೇ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು):

ನನ್ನ ತಾಯಿಗೆ 62 ವರ್ಷ. ಏಳು ತಿಂಗಳಿಂದ ರಕ್ತದೊತ್ತಡಕ್ಕಾಗಿ ದಿನಕ್ಕೊಂದು 10 ಮಿ.ಗ್ರಾಂ. ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೂರು ತಿಂಗಳಿಂದೀಚೆಗೆ ಮೇಲಿನ ಮುಂದಿನ ಹಲ್ಲುಗಳ ಸಂದಿಯಲ್ಲಿ ವಸಡು ಕಡಲೆಬೇಳೆಯಷ್ಟು ಉಬ್ಬಿ ಹಲ್ಲಿನ ಮೇಲಕ್ಕೇ ಬಂದಿದೆ. ನೋವಿಲ್ಲ, ಆದರೆ ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಅಲ್ಲಿ ಉಜ್ಜುವುದನ್ನೇ ಬಿಟ್ಟು, ಬೆರಳಿನಲ್ಲಿ ಹಲ್ಲುಪುಡಿ ಸವರಿ ಬಾಯಿ ತೊಳೆದುಕೊಳ್ಳುತ್ತಾರೆ. ಮನೆಯಲ್ಲಿ ಎಲ್ಲರೂ ಉಷ್ಣವೆನ್ನುತ್ತಿರುವುದರಿಂದ ಮಜ್ಜಿಗೆ, ಎಳನೀರು, ಕೋಕಂ ಎಲ್ಲವೂ ಆಗಿದೆ; ಊತ ಮಾತ್ರ ಇಳಿದಿಲ್ಲ. ಹಲ್ಲು ಕ್ಲೀನ್ ಮಾಡಿಸೋಣವೆಂದರೆ ‘ಹಲ್ಲು ಅಲ್ಲಾಡುತ್ತವೆ’ ಎಂದು ಅಮ್ಮ ಒಪ್ಪುತ್ತಿಲ್ಲ. ಏನು ಮಾಡಬಹುದು?

ಉತ್ತರ 1 (ದಂತವೈದ್ಯೆ):

ಮಾತ್ರೆಯ ಹೆಸರನ್ನು ಬರೆದದ್ದು ಒಳ್ಳೆಯದಾಯಿತು. ಅಮ್ಲೋಡಿಪಿನ್, ನಿಫೆಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಮೂತ್ರಪಿಂಡ ಕಸಿಯಾದವರು ಸೇವಿಸುವ ಸೈಕ್ಲೋಸ್ಪೊರಿನ್, ಇವು ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಶುರುವಾಗುವುದು ಹೆಚ್ಚಾಗಿ ಮುಂದಿನ ಹಲ್ಲುಗಳ ಸಂದಿಯಲ್ಲಿ, ಮಾತ್ರೆ ಹಿಡಿದ ಕೆಲವು ತಿಂಗಳೊಳಗೆ, ನೋವಿಲ್ಲದೆ. ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ, ಆದರೂ ಬಾಯಿ ನೋಡದೆ ಖಚಿತವಾಗಿ ಹೇಳಲಾಗದು. ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವಸಡಿಗಾಗಿ ರಕ್ತದೊತ್ತಡ ಏರಿಸಿಕೊಳ್ಳುವುದು ಸರಿಯಲ್ಲ. ಬೇರೆ ವರ್ಗದ ಮಾತ್ರೆ ಆಗುತ್ತದೆಯೇ ಎಂದು, ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಆದರೆ ಮಾತ್ರೆಯೊಂದೇ ಕಾರಣವಲ್ಲ. ಹಲ್ಲಿನ ಬುಡದಲ್ಲಿ ಕೂರುವ ಬಿಳಿ ಲೋಳೆ, ಅಂದರೆ ದಂತಪಾಚಿ, ಇದ್ದಲ್ಲಿ ಈ ಬೆಳವಣಿಗೆ ಜೋರಾಗುತ್ತದೆ. ವಸಡು ಬೆಳೆದಂತೆ ಅದರಡಿ ಪಾಚಿ ಇನ್ನಷ್ಟು ಕೂರುತ್ತದೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಬಿಟ್ಟರು; 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ತುತ್ತಾಯಿತು, ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ರಕ್ತ ಬರುತ್ತದೆಂದು ಅಮ್ಮ ಬಿಟ್ಟ ಜಾಗವೇ ಹೆಚ್ಚು ಉಜ್ಜಬೇಕಾದ ಜಾಗ. ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಚಲನೆಯಲ್ಲಿ ದಿನಕ್ಕೆರಡು ಬಾರಿ ಉಜ್ಜಲಿ. ಮೊದಲ ಕೆಲವು ದಿನ ರಕ್ತ ಕಂಡರೆ ಹೆದರುವುದು ಬೇಡ.

ಅಲ್ಲಾಡುವ ಭಯದ ಬಗ್ಗೆ: ಪಾಚಿ ಗಟ್ಟಿಯಾಗಿ ಆದ ಕಿಟ್ಟ ಬ್ರಷ್ಷಿಗೆ ಬಿಡುವುದಿಲ್ಲ, ಅದನ್ನು ತೆಗೆಯಲು ಸ್ಕೇಲಿಂಗ್ ಬೇಕು. ಹಲ್ಲನ್ನು ಹಿಡಿದಿಡುವ ದವಡೆಯ ಎಲುಬು ಮೊದಲೇ ಕರಗಿದ್ದರೂ ಹಲ್ಲುಗಳು ಕಿಟ್ಟದ ಆಸರೆಯಲ್ಲಿ ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಕಿಟ್ಟ ಹೋದೊಡನೆ ಇದ್ದ ಸಡಿಲ ಬಯಲಾಗುತ್ತದೆ, ಬಯ್ಗುಳ ಮಾತ್ರ ನಮ್ಮ ಪಾಲಿಗೆ.

ಉತ್ತರ 2 (ಓದುಗರೊಬ್ಬರು, ಹಾವೇರಿ):

ವೈದ್ಯೆಯವರ ಮಾತಿಗೆ ನಮ್ಮ ಮನೆಯದೊಂದನ್ನು ಸೇರಿಸುತ್ತೇನೆ. ನಮ್ಮ ತಂದೆಯವರಿಗೂ ಕೆಳದವಡೆಯ ವಸಡು ಊದಿತ್ತು, ಒತ್ತಿದರೆ ಕೀವು ಬರುತ್ತಿತ್ತು. ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ರೂಢಿಯಿದ್ದುದರಿಂದ ಸುಣ್ಣ ತಾಗಿ ಹೀಗಾಗಿದೆಯೆಂದು ತಿಳಿದು, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ರಾತ್ರಿಯಿಡೀ ಇಟ್ಟರು. ಬೆಳಿಗ್ಗೆ ಆ ಜಾಗ ಸುಟ್ಟು ಬೆಳ್ಳಗಾಗಿತ್ತು. ಕೊನೆಗೆ ದಂತವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಯಾರಿಗೂ ಗೊತ್ತಿಲ್ಲದಿದ್ದ ಸಕ್ಕರೆ ಕಾಯಿಲೆ. ಆದ್ದರಿಂದ ನಿಮ್ಮ ತಾಯಿಯವರ ಸಕ್ಕರೆ ಪ್ರಮಾಣವನ್ನೂ ಒಮ್ಮೆ ನೋಡಿಸಿ.

ಉತ್ತರ 3 (ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ):

ಇಬ್ಬರಿಗೂ ಕೃತಜ್ಞತೆಗಳು. ಸಕ್ಕರೆ ಸರಿಯಾಗಿದೆ. ವೈದ್ಯರು ಅಮ್ಲೋಡಿಪಿನ್ ಬದಲು ಟೆಲ್ಮಿಸಾರ್ಟಾನ್ ಬರೆದುಕೊಟ್ಟರು, ಎರಡು ಸರದಿಯಲ್ಲಿ ಸ್ಕೇಲಿಂಗ್ ಆಯಿತು. ಹಲ್ಲೇನೂ ಅಲ್ಲಾಡಲಿಲ್ಲ, ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಿಂದ ಹೊರಬಂದ ಹಳದಿ ಚೂರುಗಳನ್ನು ಕಂಡು ಅಮ್ಮ ತಾವೇ ಬೆರಗಾದರು. ರಕ್ತ ನಿಂತಿದೆ, ಉಬ್ಬು ಅರ್ಧಕ್ಕಿಂತ ಹೆಚ್ಚು ಇಳಿದಿದೆ. ದಂತವೈದ್ಯರು ಬಾಯಿ ಮುಕ್ಕಳಿಸಲು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಇನ್ನೂ ಮುಂದುವರಿಸಬಹುದೇ? ಉಳಿದ ಉಬ್ಬನ್ನು ಕತ್ತರಿಸಬೇಕಾಗುತ್ತದೆಯೇ?

ಉತ್ತರ 4 (ದಂತವೈದ್ಯೆ):

ಆ ದ್ರಾವಣವನ್ನು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಬಳಸಿ ನಿಲ್ಲಿಸಬೇಕು. ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಈಗ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಸಾಕು. ಮಾತ್ರೆ ಬದಲಾದ ಮೇಲೆ ವಸಡು ಹಿಂದೆ ಸರಿಯಲು ಕೆಲವು ತಿಂಗಳು ಬೇಕಾಗಬಹುದು. ಅಷ್ಟಾದರೂ ಉಳಿದ ಭಾಗ ಹಲ್ಲುಜ್ಜಲು ಅಡ್ಡಿಯಾದರೆ ಮಾತ್ರ ಕತ್ತರಿಸುವ ಮಾತು. ಈ ನಡುವೆ ಜ್ವರ, ಮುಖ ಅಥವಾ ದವಡೆಯ ಕೆಳಗೆ ಊತ, ಬಾಯಿ ತೆರೆಯಲು ಇಲ್ಲವೇ ನುಂಗಲು ಕಷ್ಟ ಕಂಡರೆ ಅದು ಬೇರೆಯೇ ಸಂಗತಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.