ಮಕ್ಕಳನ್ನು ಬಿಟ್ಟು ದುಡಿಯಲು ಹೋದರೆ ಕೇಸ್ ಆಗ್ತದಾ?

ಪ್ರಶ್ನೆ (ಚಿತ್ತಾಪುರ ತಾಲ್ಲೂಕು): ವಕೀಲ ಸಾಹೇಬ್ರ, ನಮ್ಮ ಓಣ್ಯಾಗ ಗಂಡ-ಹೆಂಡ್ತಿ ಮುಂಬೈಗೆ ಗುಳೆ ಹೋಗ್ಯಾರ. ಒಂಬತ್ತು ವರ್ಷದ ಹುಡುಗಿ ಕೈಯಾಗ ಎರಡು ವರ್ಷದ ತಮ್ಮನ್ನ ಬಿಟ್ಟಾರ. ಅಜ್ಜಿಗೆ ಕಣ್ಣು ಕಾಣಂಗಿಲ್ಲ. ಕೂಸಿಗೆ ನಾಕು ದಿನದಿಂದ ಭೇದಿ. ಇದು ಅಪರಾಧ ಏನ್ರಿ?

ಉತ್ತರ: ಮೊದಲು ಕೂಸು, ಆಮೇಲೆ ಕಲಂ. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ರಿ, ಆಶಾ ಕಾರ್ಯಕರ್ತೆಯನ್ನು ಕರೀರಿ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಹಿಂದೆ ಸರಿದರೆ, ಅತ್ತರೂ ಕಣ್ಣೀರು ಬಾರದಿದ್ದರೆ ತಡ ಮಾಡದೆ ದವಾಖಾನೆಗೆ ಒಯ್ಯಿರಿ. ತೂಕ, ರಟ್ಟೆಯ ಸುತ್ತಳತೆ ಚೀಟಿಯಲ್ಲಿ ಬರೆಸಿಕೊಳ್ಳಿ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಮುಂದೆ ಕೋರ್ಟಿನಲ್ಲಿ ನಿಲ್ಲುವುದು ಈ ಚೀಟಿ, ಓಣಿಯವರ ಬಾಯಿಮಾತಲ್ಲ.

ಬಡತನ ಅಪರಾಧವಲ್ಲ. ಬಾಲ ನ್ಯಾಯ ಕಾಯ್ದೆ 2015ರ ಕಲಂ 75 ಕೇಳುವುದು, ಮಗು ಯಾರ ಸುಪರ್ದಿಯಲ್ಲಿತ್ತೋ ಅವರು ಗೊತ್ತಿದ್ದೂ ನಿರ್ಲಕ್ಷ್ಯ ಮಾಡಿದರಾ ಅಂತ. ಹೌದಾದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ದಂಡ, ಇಲ್ಲವೇ ಎರಡೂ. ಅದರಿಂದ ಮಗುವಿನ ಜೀವಕ್ಕೇ ಅಪಾಯ ಬಂದರೆ ಕನಿಷ್ಠ 3, ಗರಿಷ್ಠ 10 ವರ್ಷ ಕಠಿಣ ಶಿಕ್ಷೆ, 5 ಲಕ್ಷ ದಂಡ. ಹಾಗಾಗಿ ಕೂಸಿಗೆ ಭೇದಿ ಆಗಿದೆ ಅಂತ ಅಪ್ಪ-ಅವ್ವನಿಗೆ ಯಾವತ್ತು ತಿಳಿಸಿದಿರಿ, ಅವರೇನಂದರು, ತಾರೀಖು ಹಾಕಿ ಬರೆದಿಡಿ. ‘ಮಕ್ಕಳನ್ನ ನೋಡ್ಕೊಳ್ಳಂಗಿಲ್ಲ’ ಅಂತಷ್ಟೇ ಅರ್ಜಿ ಕೊಟ್ಟರೆ ಮನೆ ಜಗಳ ಅಂತ ಬದಿಗಿಡುತ್ತಾರೆ.

ಪ್ರಶ್ನೆ: ಮಗು ಸತ್ತರೆ ಕೊಲೆ ಕೇಸೇ ಆಗ್ತದೇನ್ರಿ?

ಉತ್ತರ: ಎಲ್ಲದಕ್ಕೂ ಆಗೋದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 93, 12 ವರ್ಷದೊಳಗಿನ ಮಗುವನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಬಿಟ್ಟುಹೋದವರಿಗೆ; 7 ವರ್ಷದವರೆಗೆ ಶಿಕ್ಷೆ. ಹಾಗೆ ಬಿಟ್ಟ ಮಗು ಸತ್ತರೆ ಕೊಲೆ ಅಥವಾ ಕೊಲೆಯಲ್ಲದ ನರಹತ್ಯೆಯ ವಿಚಾರಣೆಗೂ ದಾರಿ ಉಂಟು. ತಿಂಗಳಾ ರೊಕ್ಕ ಕಳಿಸುವ, ಫೋನ್ ಮಾಡುವ ತಂದೆ-ತಾಯಿ ಮೇಲೆ 93 ನಿಲ್ಲುವುದು ಕಷ್ಟ, 75 ನಿಲ್ಲಬಹುದು. ನಿಜವಾಗಿಯೂ ಸಾಕಲಾಗದವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಿಸಲು ಎರಡು ತಿಂಗಳು ಕೊಡುತ್ತಾರೆ. ಇದು ಗೊತ್ತಿಲ್ಲದೇ ಹಸುಗೂಸನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಡುತ್ತಾರೆ, ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಕೂಸಿನ ಫೋಟೊ ಗ್ರೂಪಿಗೆ ಹಾಕಲಾ?

ಉತ್ತರ: ಬ್ಯಾಡ್ರಿ. ಬಾಲ ನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ಮಗುವಿನ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಫೋಟೊ ಸಮಿತಿಗೋ ಪೊಲೀಸರಿಗೋ ಮಾತ್ರ ಕೊಡಿ. ಆ ಒಂಬತ್ತು ವರ್ಷದ ಹುಡುಗಿಯನ್ನೂ ಸಮಿತಿಯ ಮುಂದೆ ಹಾಜರುಪಡಿಸಲು ಹೇಳಿ, ಆಕೆಯೂ ರಕ್ಷಣೆ ಬೇಕಾದ ಮಗುವೇ.